‘ಅರ್ಧಕಥಾನಕ’ ಮತ್ತು ಶ್ರಾವಕನ ದಿನಚರಿ

ದಿನಚರಿ ಬರೆಯುವ ಸಂಕಲ್ಪವು ಅನೇಕ ಮನೆಗಳಲ್ಲಿ ವರ್ಷಾರಂಭದಲ್ಲಿ ಹುಟ್ಟಿ ಕೆಲವೇ ವಾರಗಳಲ್ಲಿ ಸೊರಗುತ್ತದೆ. ಉಳಿದ ಹಾಳೆಗಳು ಹಾಲಿನ ಲೆಕ್ಕಕ್ಕೆ ಸಲ್ಲುತ್ತವೆ. ಬಿಟ್ಟ ಅಭ್ಯಾಸಕ್ಕೆ ಮರಳಬಯಸುವವರು ಓದಬೇಕಾದ ಜೈನ ಕೃತಿಯೊಂದಿದೆ. ಅದು ಕವಿವರ ಬನಾರಸೀದಾಸರು 1641ರಲ್ಲಿ ಆಗ್ರಾದಲ್ಲಿ ಮಧ್ಯದೇಶದ ಆಡುನುಡಿಯ 675 ಪದ್ಯಗಳಲ್ಲಿ ರಚಿಸಿದ ‘ಅರ್ಧಕಥಾನಕ’. ಮನುಷ್ಯನ ಆಯುಷ್ಯವನ್ನು 110 ವರ್ಷವೆಂದು ಎಣಿಸಿ, ತಮ್ಮ 55 ವರ್ಷಗಳ ಅರ್ಧ ಕಥೆಯನ್ನು ಅವರು ಇದರಲ್ಲಿ ಹೇಳಿದ್ದಾರೆ.

ಇತಿಹಾಸಕಾರರು ಈ ಕೃತಿಯನ್ನು ಮೊಗಲರ ಕಾಲದ ವರ್ತಕ ಜೀವನದ ದಾಖಲೆಯೆಂದು ಓದುತ್ತಾರೆ. ಜೈನ ಓದುಗನ ಕೈಯಲ್ಲಿ ಬೇರೊಂದು ಅಳತೆಗೋಲಿದೆ. ಶಾಸ್ತ್ರದಲ್ಲಿ ‘ಆಲೋಚನಾ’ ಎಂದರೆ ಬರಿಯ ಚಿಂತನೆಯಲ್ಲ, ಗುರುವಿನ ಮುಂದೆ ಮಾಡುವ ನಿಷ್ಕಪಟ ದೋಷನಿವೇದನೆ. ಆ ನಿವೇದನೆಯಲ್ಲಿಯೂ ನುಸುಳಬಹುದಾದ ಹತ್ತು ದೋಷಗಳನ್ನು ಆಚಾರ್ಯರು ಗುರುತಿಸಿದ್ದಾರೆ. ಪರರು ಕಂಡ ತಪ್ಪನ್ನಷ್ಟೇ ಒಪ್ಪಿಕೊಳ್ಳುವುದು ‘ದೃಷ್ಟ’. ದೊಡ್ಡದನ್ನು ಹೇಳಿ ಸಣ್ಣದನ್ನು ಮರೆಸುವುದು ‘ಬಾದರ’. ಸಣ್ಣದನ್ನು ಹೇಳಿ ದೊಡ್ಡದನ್ನು ಅಡಗಿಸುವುದು ‘ಸೂಕ್ಷ್ಮ’.

ಈ ಪರೀಕ್ಷೆಯಲ್ಲಿ ಕವಿವರರು ಬಹುಮಟ್ಟಿಗೆ ಗೆಲ್ಲುತ್ತಾರೆ. ದಿನವೂ ಬಾಗಿಲಲ್ಲಿ ಚಿನ್ನದ ನಾಣ್ಯ ದೊರೆಯುವುದೆಂಬ ಕಪಟ ಸನ್ಯಾಸಿಯ ಮಾತು ನಂಬಿ ಒಂದು ವರ್ಷ ಗುಟ್ಟಾಗಿ ಮಂತ್ರ ಜಪಿಸಿದ್ದನ್ನು ಅವರೇ ಹೇಳದಿದ್ದರೆ ಲೋಕ ಅರಿಯುತ್ತಿರಲಿಲ್ಲ. ಆಗ್ರಾದಲ್ಲಿ ಕೈ ಬರಿದಾಗಿ ತಿಂಗಳುಗಟ್ಟಲೆ ಸಾಲದ ಕಚೋರಿ ತಿಂದದ್ದನ್ನೂ ಮರೆಮಾಚಿಲ್ಲ. ಕೊನೆಯಲ್ಲಿ ಗುಣದೋಷಗಳ ಪಟ್ಟಿಯನ್ನೇ ಕೊಡುತ್ತಾರೆ. ಧನಲೋಭ ಹೆಚ್ಚು, ಜಪತಪಗಳಿಲ್ಲ ಎಂಬ ದೊಡ್ಡ ದೋಷಗಳ ಜೊತೆಗೆ, ಒಬ್ಬರೇ ಇದ್ದಾಗ ಕುಣಿಯುವ ಸಣ್ಣ ಚಾಪಲ್ಯವೂ ಅಲ್ಲಿದೆ.

ಸ್ವಗುಣಗಳನ್ನೂ ಎಣಿಸಿದ್ದು ವಿನಯಕ್ಕೆ ಸಲ್ಲದೆಂಬ ಆಕ್ಷೇಪ ಏಳಬಹುದು. ಪರನಿಂದೆ ಮತ್ತು ಆತ್ಮಪ್ರಶಂಸೆಗಳು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರ ಎಚ್ಚರಿಸುತ್ತದೆ. ಕವಿಗೂ ಈ ಅರಿವಿತ್ತು. ತನ್ನ ಗುಣ ಮರೆಸಿ ಪರರ ಗುಣ ಹೇಳುವವನು ಉತ್ತಮನೆಂದೂ, ಎರಡೂ ಕಡೆಯ ಗುಣದೋಷಗಳನ್ನು ಸಹಜವಾಗಿ ನುಡಿಯುವ ತಾವು ಮಧ್ಯಮರೆಂದೂ ಅವರೇ ತೀರ್ಪಿತ್ತಿದ್ದಾರೆ. ಜಮಾ ಮತ್ತು ಖರ್ಚು ಎರಡನ್ನೂ ತೋರಿಸುವ ವರ್ತಕನ ಪ್ರಾಮಾಣಿಕತೆ ಇದು.

ಕೃತಿಯ ನಿಜವಾದ ಕೊರತೆ ಬೇರೆಡೆ ಇದೆ. ಒಂಬತ್ತು ಮಕ್ಕಳನ್ನು ಕಳೆದುಕೊಂಡ ಮನೆಯದು. ಆದರೂ ಹಲವು ಶಿಶುಗಳ ಹುಟ್ಟುಸಾವು ಒಂದೆರಡು ಸಾಲಿನಲ್ಲಿ ಸರಿದುಹೋಗುತ್ತದೆ. ಹೆತ್ತ ತಾಯಿಯ ದುಃಖ ಕೇಳಿಸುವುದೇ ಅಪರೂಪ. ಇಳಿವಯಸ್ಸಿನ ನೆನಪು ಘಟನೆಯನ್ನು ಉಳಿಸಿ ಆ ದಿನದ ಪರಿಣಾಮವನ್ನು, ಎಂದರೆ ಅಂದಿನ ಮನಸ್ಸಿನ ಭಾವವನ್ನು, ಸೋರಿಸಿಬಿಡುತ್ತದೆ. ದಿನದಿನದ ಬರಹ ಬೇಕಾಗುವುದು ಈ ಕಾರಣಕ್ಕೆ.

ಮರಳುವ ಬಗೆಯನ್ನೂ ಈ ಗ್ರಂಥ ತೋರಿಸುತ್ತದೆ. ಸಮಯಸಾರವನ್ನು ಏಕಾಂತವಾಗಿ ಗ್ರಹಿಸಿ ಕವಿವರರು ಕ್ರಿಯೆಗಳೆಲ್ಲ ವ್ಯರ್ಥವೆಂದು ತೊರೆದರು. ಗೆಳೆಯರೊಡನೆ ಕೋಣೆಯಲ್ಲಿ ಬೆತ್ತಲಾಗಿ ತಾವೇ ಮುನಿಗಳೆಂದು ಪರಿಹಾಸ್ಯವಾಡಿದರು. 1635ರಲ್ಲಿ ಪಂಡಿತ ರೂಪಚಂದರಿಂದ ಗೊಮ್ಮಟಸಾರದ ವ್ಯಾಖ್ಯಾನ ಕೇಳಿ, ಗುಣಸ್ಥಾನಕ್ಕೆ ತಕ್ಕ ಕ್ರಿಯೆಯ ಮಹತ್ವವನ್ನು ತಿಳಿದರು. ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗ್ರಂಥವೇ ಆಗ್ರಾದ ವರ್ತಕನನ್ನು ದಾರಿಗೆ ತಂದಿತೆಂಬುದು ಕನ್ನಡ ನಾಡಿನ ಜೈನರಿಗೆ ಸಂತೋಷದ ಸಂಗತಿ. ಹೀಗೆ ಮರಳಿದ ಮೇಲೆ ಅವರು ದಾರಿ ತಪ್ಪಿದ ವರ್ಷಗಳನ್ನು ಅಳಿಸಲಿಲ್ಲ, ಬರೆದಿಟ್ಟರು.

ಪ್ರತಿಕ್ರಮಣವೆಂದರೆ ಹಿಂದಿರುಗುವುದು. ದೈವಸಿಕದ ಜೊತೆಗೆ ಪಾಕ್ಷಿಕ, ಚಾತುರ್ಮಾಸಿಕ, ಸಾಂವತ್ಸರಿಕ ಪ್ರತಿಕ್ರಮಣಗಳೂ ಇವೆ. ದಿನವೂ ಗುಡಿಸುವ ಮನೆಯನ್ನು ಹಬ್ಬಕ್ಕೆ ಮೂಲೆಮೂಲೆಯೂ ಗುಡಿಸುವಂತೆ. ದಿನಚರಿ ಈ ಆವಶ್ಯಕಕ್ಕೆ ಬದಲಿಯಲ್ಲ, ಕಾಗದ ಗುರುವಾಗದು. ಆದರೆ ನಿವೇದಿಸಬೇಕಾದುದನ್ನು ಮರೆಯದಂತೆ ಅದು ಕಾಯುತ್ತದೆ. ಮರಳುವವನು ಬಿಟ್ಟ ದಿನಗಳನ್ನು ಊಹೆಯಿಂದ ತುಂಬಬೇಕಿಲ್ಲ. ಎಷ್ಟು ದಿನ ತಪ್ಪಿತೆಂಬುದೇ ಮೊದಲ ಸಾಲಾಗಲಿ. ಮನೆಯವರ ತಪ್ಪುಗಳಿಗೆ ಅಲ್ಲಿ ಸ್ಥಳವಿಲ್ಲ. ಅಂದಿನ ಒಂದು ಸ್ವಂತ ದೋಷ, ನಾಳೆಗೆ ಒಂದು ಪ್ರತ್ಯಾಖ್ಯಾನ, ಇಷ್ಟು ಸಾಕು. ಅರ್ಧ ಕಥೆ ಬರೆದ ಕವಿವರರು ಆಮೇಲೆ ಬಹುಕಾಲ ಬದುಕಲಿಲ್ಲ. ಉಳಿದರ್ಧವನ್ನು ನೆಚ್ಚಿ ಇಂದಿನ ಸಾಲನ್ನು ಮುಂದೂಡುವುದು ವಿವೇಕವಲ್ಲ.