ಶೆಟ್ಟಿಹಳ್ಳಿಯ ಚರ್ಚು: ಒಂದು ರಸವಿಚಾರ

ಆದಿಕವಿಯು ತಮಸಾನದಿಯ ತಿಳಿನೀರನ್ನು ಕಂಡು, ಶಿಷ್ಯನಾದ ಭರದ್ವಾಜನಿಗೆ ಅದರ ಸೊಬಗನ್ನು ಹೊಗಳಿ ಹೇಳಿದನೆಂದು ರಾಮಾಯಣದ ಬಾಲಕಾಂಡದಿಂದ ತಿಳಿದುಬರುತ್ತದೆ. ಆದರೆ ಶ್ಲೋಕವು ಹುಟ್ಟಿದ್ದು ಆ ನೀರಿನ ಸೊಬಗಿನಿಂದಲ್ಲ. ಬೇಡನ ಬಾಣದಿಂದ ಜೊತೆಗಾರನನ್ನು ಕಳೆದುಕೊಂಡ ಕ್ರೌಂಚಿಯ ಕೂಗಿನಿಂದ. ನದಿಯು ಹಿನ್ನೆಲೆಯಲ್ಲಿ ಉಳಿಯಿತು. ಹಕ್ಕಿಯು ಶೋಕಕ್ಕೆ ಆಲಂಬನವಾಯಿತು. ವರ್ಣನೆಗೆ ಕೈಯಿಕ್ಕುವ ಲೇಖಕನು ಮೊದಲು ಅರಿಯಬೇಕಾದ ಭೇದವಿದು. ಈ ಭೇದವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಶೆಟ್ಟಿಹಳ್ಳಿಯ ಚರ್ಚನ್ನು ಕುರಿತು ಕನ್ನಡದಲ್ಲಿ ಬಂದಿರುವ ವರ್ಣನೆಗಳೇ ಸಾಕಾದ ನಿದರ್ಶನಗಳು.

ಹಾಸನದ ಸಮೀಪದಲ್ಲಿ, ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ, 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಗಾಥಿಕ್ ರೀತಿಯ ಒಂದು ಚರ್ಚನ್ನು ಕಟ್ಟಿಸಿದರು. ಜಪಮಾಲೆಯ ಮಾತೆಯಾದ ಮರಿಯಮ್ಮನವರ ಹೆಸರಿನಲ್ಲಿ ಅದು ನಿಂತಿತು. ಮುಂದೆ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟನ್ನು ಕಟ್ಟುವ ಕಾರ್ಯವು ನಡೆದು 1979ರಲ್ಲಿ ಮುಗಿಯಿತು. ಹಿನ್ನೀರು ಏರಿತು, ಊರಿನವರು ಮನೆಮಠಗಳನ್ನು ಬಿಟ್ಟು ಬೇರೆಡೆಗೆ ಹೋಗಬೇಕಾಯಿತು. ಮಾಡಿಲ್ಲದ ಗೋಡೆಗಳೂ ಕಮಾನುಗಳೂ ಉಳಿದವು. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಅವು ಬಹುಮಟ್ಟಿಗೆ ಮುಳುಗುತ್ತವೆ. ಬೇಸಗೆಯಲ್ಲಿ ನೀರಿಳಿದಾಗ ಬುಡದವರೆಗೂ ಕಾಣಿಸುತ್ತವೆ.

ಇದನ್ನು ವರ್ಣಿಸಿದವರಲ್ಲಿ ಹೆಚ್ಚಿನವರು ಪ್ರವಾಸಲೇಖಕರು. ‘ತೇಲುವ ಚರ್ಚು’, ‘ಮುಳುಗುವ ಚರ್ಚು’ ಎಂಬ ಹೆಸರುಗಳು ಇಂತಹ ಬರಹಗಳಿಂದಲೇ ಬಳಕೆಗೆ ಬಂದಿವೆ. ನೀರಿನಲ್ಲಿ ಬೀಳುವ ಕಮಾನಿನ ನೆರಳು, ಗೋಡೆಯ ಮೇಲೆ ಕುಳಿತ ಹಕ್ಕಿಗಳು, ಸಂಜೆಯ ಕೆಂಪು, ಛಾಯಾಚಿತ್ರ ತೆಗೆಯಲು ಯಾವ ತಿಂಗಳು ಲೇಸೆಂಬ ಸೂಚನೆ, ಇಷ್ಟರಲ್ಲಿ ವರ್ಣನೆ ಮುಗಿಯುತ್ತದೆ. ಓದುಗನಲ್ಲಿ ಏಳುವುದು ವಿಸ್ಮಯ, ನಿಷ್ಪನ್ನವಾಗುವುದು ಅದ್ಭುತರಸ. ಅದ್ಭುತವು ಕೀಳಾದ ರಸವೆಂದು ಯಾವ ಆಲಂಕಾರಿಕನೂ ಹೇಳಿಲ್ಲ. ಆದರೆ ಒಂದು ಊರೇ ಎದ್ದುಹೋದ ಎಡೆಯಲ್ಲಿ ಸಲ್ಲತಕ್ಕದ್ದು ಕರುಣವಲ್ಲವೆ? ನೀರು, ನೆರಳು, ಮುರಿದ ಗೋಡೆ ಇವೆಲ್ಲವೂ ಉದ್ದೀಪನ ವಿಭಾವಗಳು. ಆಲಂಬನವಾಗಬೇಕಾದವರು ಅಲ್ಲಿ ಬಾಳಿದ ಜನ. ಈ ಬರಹಗಳಲ್ಲಿ ಜನರೇ ಇಲ್ಲದ ಕಾರಣ ಉದ್ದೀಪನವೇ ಆಲಂಬನದ ಪೀಠವನ್ನು ಏರಿ ಕುಳಿತಿದೆ.

ಜನರನ್ನು ತೋರಿಸಬೇಕಾದರೆ ಅವರ ವರ್ಷವನ್ನು ತೋರಿಸಬೇಕು. ಚರ್ಚೆಂಬುದು ಕಲ್ಲುಗಾರೆಗಳ ಕಟ್ಟಡವಷ್ಟೇ ಅಲ್ಲ. ಒಂದು ಸಮುದಾಯವು ಪ್ರತಿವರ್ಷವೂ ಸುತ್ತಿಬರುವ ಕಾಲಚಕ್ರಕ್ಕೆ ಅದು ಅಚ್ಚು. ಆ ಚಕ್ರದ ಹೆಸರುಗಳೆಲ್ಲ ಕನ್ನಡದಲ್ಲಿ ಬಹುಕಾಲದಿಂದ ಸಿದ್ಧವಾಗಿವೆ. ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ಭಾನುವಾರಗಳು ಆಗಮನಕಾಲ. ಬೂದಿಬುಧವಾರದಂದು ಹಣೆಗೆ ಬೂದಿಯನ್ನು ಧರಿಸುವುದರೊಡನೆ ತಪಸ್ಸುಕಾಲವು ಮೊದಲಾಗುತ್ತದೆ. ಭಾನುವಾರಗಳನ್ನು ಬಿಟ್ಟರೆ ಅದಕ್ಕೆ ನಲವತ್ತು ದಿನಗಳು. ಮಾರ್ಚಿ 21ರಂದಾಗಲಿ ಆಮೇಲಾಗಲಿ ಬರುವ ಹುಣ್ಣಿಮೆಯನ್ನು ಚರ್ಚಿನ ಗಣನೆಯಂತೆ ಹಿಡಿದು, ಅದರ ಮುಂದಿನ ಭಾನುವಾರವನ್ನು ಪಾಸ್ಕಹಬ್ಬವೆಂದು ಎಣಿಸುತ್ತಾರೆ. ಸೂರ್ಯಚಂದ್ರರಿಬ್ಬರನ್ನೂ ನೋಡಿಕೊಂಡು ಹಬ್ಬವನ್ನು ಗೊತ್ತುಮಾಡುವ ಈ ಕ್ರಮವು ಪಂಚಾಂಗವನ್ನು ನಂಬಿದ ಮನೆಗಳಿಗೆ ಹೊಸದಾಗಿ ತೋರದು. ಸೆಪ್ಟೆಂಬರ್ 8 ಮರಿಯಮ್ಮನವರ ಜನನದ ಹಬ್ಬ. ಅಕ್ಟೋಬರ್ 7 ಜಪಮಾಲೆಯ ಹಬ್ಬ. ನವೆಂಬರ್ 2 ತೀರಿಕೊಂಡವರೆಲ್ಲರ ಸ್ಮರಣೆಯ ದಿನ. ನಡುವೆ ನಾಮಕರಣ, ಮದುವೆ, ಸಾವುಗಳು.

ಈ ಚಕ್ರದಲ್ಲಿ ಕೆಂಕೆರೆಯ ಮತ್ತು ಸುತ್ತಣ ತೆಂಗಿನ ಸೀಮೆಯ ವಾಚಕರಿಗೆ ಚೆನ್ನಾಗಿ ತಿಳಿದ ವಸ್ತುವೊಂದುಂಟು. ಪಾಸ್ಕಕ್ಕೆ ಒಂದು ವಾರ ಮುಂಚೆ ಬರುವುದು ಗರಿಗಳ ಭಾನುವಾರ. ಕ್ರಿಸ್ತನು ಯೆರೂಸಲೇಮನ್ನು ಪ್ರವೇಶಿಸಿದಾಗ ಜನರು ಹಿಡಿದ ಖರ್ಜೂರದ ಗರಿಗೆ ಪ್ರತಿಯಾಗಿ ನಮ್ಮ ನಾಡಿನಲ್ಲಿ ತೆಂಗಿನ ಎಳೆಗರಿಯನ್ನು ಹಿಡಿಯುವುದುಂಟು. ಮಂತ್ರಿಸಿದ ಗರಿಯನ್ನು ಮನೆಯಲ್ಲಿ ವರ್ಷವೆಲ್ಲ ಇಟ್ಟಿರುತ್ತಾರೆ. ಒಣಗಿದ ಗರಿಗಳನ್ನು ಮರುವರ್ಷ ಚರ್ಚಿಗೆ ಒಪ್ಪಿಸಿದಾಗ ಅವುಗಳನ್ನು ಸುಟ್ಟು ಬೂದಿಬುಧವಾರದ ಬೂದಿಯನ್ನು ಮಾಡುತ್ತಾರೆ. ಒಂದು ವರ್ಷದ ಜಯಘೋಷವು ಮರುವರ್ಷದ ಪಶ್ಚಾತ್ತಾಪಕ್ಕೆ ಬೂದಿಯಾಗುವುದೆಂಬ ಅರ್ಥವು ಯಾವ ವ್ಯಾಖ್ಯಾನವೂ ಇಲ್ಲದೆ ಮನೆಯ ಮಕ್ಕಳಿಗೂ ತಿಳಿಯುತ್ತದೆ. ಗರಿಯಿಂದ ಬೂದಿ, ಬೂದಿಯಿಂದ ಗರಿ, ಹೀಗೆ ಸುತ್ತುವ ಈ ವರ್ಷವನ್ನು ಬಿಟ್ಟು ಚರ್ಚನ್ನು ವರ್ಣಿಸುವುದೆಂದರೆ, ತೇರು ಹರಿಯುವ ದಿನವನ್ನು ಹೇಳದೆ ದೇವಸ್ಥಾನದ ಗೋಪುರವನ್ನು ಅಳೆದಂತೆ.

ಈಗಿನ ವರ್ಣನೆಗಳಲ್ಲಿಯೂ ಒಂದು ವರ್ಷವುಂಟು. ಆದರೆ ಅದು ಜಲಾಶಯದ ವರ್ಷ. ನೀರು ಏರುವ ತಿಂಗಳು, ಇಳಿಯುವ ತಿಂಗಳು ಎಂದು ಅದಕ್ಕೆ ಎರಡೇ ಋತುಗಳು. ಈ ಎರಡು ವರ್ಷಗಳನ್ನು ಒತ್ತಟ್ಟಿಗೆ ಇಟ್ಟು ನೋಡಿದ ಲೇಖಕನಿಗೆ ಹೇಳಬೇಕಾದದ್ದು ತಾನಾಗಿ ದೊರೆಯುತ್ತಿತ್ತು. ಮಳೆ ಚೆನ್ನಾಗಿ ಬಿದ್ದ ವರ್ಷದಲ್ಲಿ ಜಪಮಾಲೆಯ ಹಬ್ಬವು ಬರುವುದು ಆ ಹೆಸರಿನ ಚರ್ಚು ನೀರಿನಲ್ಲಿ ನಿಂತಿರುವಾಗಲೇ. ನವೆಂಬರಿನ ಸ್ಮರಣೆಯ ದಿನ ಹಿರಿಯರ ಸಮಾಧಿಗೆ ದೀಪವಿಡುವುದು ರೂಢಿ. ಊರನ್ನು ನೀರಿಗೆ ಬಿಟ್ಟುಬಂದವರಿಗೆ ಆ ದಿನದ ಭಾರವೆಷ್ಟು? ಈ ಪ್ರಶ್ನೆಯನ್ನು ಕೇಳಿದ ವರ್ಣನೆಗಳು ವಿರಳ.

ಇಲ್ಲಿ ಇನ್ನೊಂದು ದೋಷವನ್ನೂ ಹೇಳಬೇಕು. ಪಾಸ್ಕವು ಬೇಸಗೆಯಲ್ಲಿ ಬರುತ್ತದೆ. ಚರ್ಚು ನೀರಿನಿಂದ ಏಳುವುದೂ ಆಗಲೇ. ಇದನ್ನು ಪುನರುತ್ಥಾನಕ್ಕೆ ಹೋಲಿಸುವ ಚಾಪಲ್ಯವು ಲೇಖಕನಿಗೆ ಸಹಜ. ಆದರೆ ಎದ್ದುದು ಗೋಡೆ ಮಾತ್ರ, ಊರು ಏಳಲಿಲ್ಲ. ಇಲ್ಲದ ಸಮಾಧಾನವನ್ನು ಉಪಮೆಯಿಂದ ಒದಗಿಸುವುದು ದುಃಖಪಟ್ಟವರಿಗೆ ಮಾಡುವ ಅನ್ಯಾಯ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದದ್ದು ಇಂತಹ ಎಡೆಗಳಿಗಾಗಿಯೇ.

ಕನ್ನಡದಲ್ಲಿ ಒಳ್ಳೆಯ ಮಾದರಿಗಳಿಲ್ಲವೆಂದು ಹೇಳುವಂತಿಲ್ಲ. ಅದೇ ಹೇಮಾವತಿಯ ದಡದ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರು 1930ರಲ್ಲಿಯೇ ‘ಹಳ್ಳಿಯ ಚಿತ್ರಗಳು’ ಎಂಬ ಪುಸ್ತಕದಲ್ಲಿ ಹಳ್ಳಿಯನ್ನು ಅದರ ಜನರ ಮೂಲಕ ತೋರಿಸಿದರು. ಶರಾವತಿಯ ಮುಳುಗಡೆಯನ್ನು ಕಂಡು ಬರೆದ ದಿವಂಗತ ನಾ. ಡಿಸೋಜ ಅವರ ‘ದ್ವೀಪ’ದಲ್ಲಿ ನೀರು ಏರುತ್ತದೆ, ಆದರೆ ಓದುಗನ ಕಣ್ಣು ನೀರಿನ ಮೇಲೆ ನಿಲ್ಲದೆ, ಮನೆಯನ್ನು ಬಿಡಲಾರದೆ ಉಳಿದವರ ಮೇಲೆ ನಿಲ್ಲುತ್ತದೆ. ಆಲಂಬನೋದ್ದೀಪನಗಳು ತಮ್ಮ ತಮ್ಮ ಸ್ಥಾನಗಳಲ್ಲಿವೆ. ಶೆಟ್ಟಿಹಳ್ಳಿಗೆ ಅಂತಹ ಕೃತಿಯ ಭಾಗ್ಯವು ಬರಬೇಕಾಗಿದೆ.

ಪ್ರವಾಸಲೇಖನದಿಂದ ಇಷ್ಟನ್ನು ಬಯಸುವುದು ಹೆಚ್ಚಾಯಿತೆಂದು ಯಾರಾದರೂ ಆಕ್ಷೇಪಿಸಬಹುದು. ದಾರಿ ತೋರಿಸುವುದು ಅದರ ಕೆಲಸ. ಕರುಣರಸವನ್ನು ಉಕ್ಕಿಸುವುದಲ್ಲ ಎಂಬ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಬೇರೆ ಬರಹವೇ ಇಲ್ಲದಿರುವಲ್ಲಿ ಲಘುವಾದ ಬರಹವೇ ಮುಂದಿನವರಿಗೆ ಚರಿತ್ರೆಯಾಗುತ್ತದೆ. ಹೊಸ ತಲೆಮಾರು ಆ ಗೋಡೆಗಳನ್ನು ನೋಟಕ್ಕಾಗಿಯೇ ಕಟ್ಟಿದವುಗಳೆಂದು ತಿಳಿದರೆ ತಪ್ಪು ಯಾರದು?

ಈ ಪ್ರಶ್ನೆಯು ತೆಂಗಿನ ಸೀಮೆಯವರಿಗೆ ದೂರದ್ದಲ್ಲ. ಕೆರೆ ಬತ್ತಿ ತೆಂಗಿನ ಸುಳಿ ಒಣಗುವುದೆಂದರೇನೆಂಬುದನ್ನು ಕೆಂಕೆರೆಯವರಿಗೆ ಯಾರೂ ತಿಳಿಸಬೇಕಾಗಿಲ್ಲ. ಗೊರೂರಿನಲ್ಲಿ ತಡೆದ ನೀರು ಎಡದಂಡೆಯ ನಾಲೆಯಲ್ಲಿ ಹರಿದು, ಬಾಗೂರು-ನವಿಲೆಯ ಸುರಂಗವನ್ನು ದಾಟಿ, ತಿಪಟೂರು ತುರುವೇಕೆರೆಗಳ ಕಡೆಗೆ ಬರುತ್ತದೆ. ನಾಲೆಯ ನೀರಿಗಾಗಿ ಕಾಯುವ ತೋಟದವನು ಅದರಿಂದ ಮುಳುಗಿದ ಊರನ್ನು ಬರಿಯ ವಿಸ್ಮಯದಿಂದ ನೋಡುವುದು ಸಲ್ಲದು. ಅಣೆಕಟ್ಟು ಬೇಡವಾಗಿತ್ತೆಂದು ಇದರ ತಾತ್ಪರ್ಯವಲ್ಲ. ಪಡೆದವರು ಕಳೆದುಕೊಂಡವರ ಹೆಸರನ್ನಾದರೂ ಅರಿತಿರಬೇಕೆಂಬುದಷ್ಟೇ. ಆ ಜನರಲ್ಲಿ ಹಿರಿಯರಾದವರು ಇರುವಾಗಲೇ ಅವರ ಬಾಯಿಂದ ಕೇಳಿ, ಶೆಟ್ಟಿಹಳ್ಳಿಯ ಒಂದು ವರ್ಷವನ್ನು, ಬೂದಿಬುಧವಾರದಿಂದ ಕ್ರಿಸ್ತಜಯಂತಿಯವರೆಗೆ, ಅಂದಿನ ಹಾಡು ಅಡಿಗೆ ಮೆರವಣಿಗೆಗಳೊಡನೆ ಬರೆದಿಡುವ ಲೇಖಕನೊಬ್ಬನು ಬೇಕಾಗಿದ್ದಾನೆ. ಗೋಡೆಗಳು ನೀರಿನ ಪೆಟ್ಟಿಗೆ ಒಂದಲ್ಲ ಒಂದು ದಿನ ಬಿದ್ದೇ ಬೀಳುವುವು. ಬರೆದಿಟ್ಟ ವರ್ಷವು ಮುಳುಗದು.