ಎಪ್ಪತ್ತರ ದಶಕದ ಶ್ರೇಷ್ಠ ಆಲ್ಬಮ್: ಪಟ್ಟಿಗಳು ಹೇಳದ ಕಾರಣಗಳು

ಬ್ರಿಟಿಷ್ ತಂಡ 'ದ ಕ್ಲ್ಯಾಶ್'ನ 'ಲಂಡನ್ ಕಾಲಿಂಗ್' ಬ್ರಿಟನ್ನಿನಲ್ಲಿ ಬಿಡುಗಡೆಯಾದದ್ದು 1979ರ ಡಿಸೆಂಬರ್‌ನಲ್ಲಿ. ಅಮೆರಿಕದ ಅಂಗಡಿಗಳಿಗೆ ಅದು ಬಂದದ್ದು 1980ರ ಜನವರಿಯಲ್ಲಿ. ಈ ಕೆಲವೇ ವಾರಗಳ ಅಂತರದ ಬಲದಿಂದ ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ 1989ರಲ್ಲಿ ಎಂಬತ್ತರ ದಶಕದ ನೂರು ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ ಮಾಡಿದಾಗ ಮೊದಲ ಸ್ಥಾನವನ್ನು ಇದಕ್ಕೇ ಕೊಟ್ಟಿತು. 2004ರಲ್ಲಿ 'ಪಿಚ್‌ಫೋರ್ಕ್' ಜಾಲಪತ್ರಿಕೆ ಎಪ್ಪತ್ತರ ದಶಕದ ಪಟ್ಟಿ ತಯಾರಿಸಿದಾಗ ಅದೇ ಆಲ್ಬಮ್ ಅಲ್ಲಿಯೂ ಮೇಲಿನ ಸಾಲಿನಲ್ಲಿತ್ತು. ಒಂದೇ ಕೃತಿ, ಎರಡು ದಶಕಗಳ ಕಿರೀಟಕ್ಕೆ ಹಕ್ಕುದಾರ.

ದಶಕ ಎನ್ನುವುದು ಕ್ಯಾಲೆಂಡರಿನ ಅನುಕೂಲವೇ ಹೊರತು ಸಂಗೀತದ ಗುಣವಲ್ಲ ಎಂದು ತೋರಿಸಲು ಇಷ್ಟು ಸಾಕು. ಆದರೂ 'ಯಾವುದು ಶ್ರೇಷ್ಠ' ಎಂಬ ಜಗಳ ನಿಲ್ಲುವುದಿಲ್ಲ, ನಿಲ್ಲಬೇಕೆಂದು ನನಗೆ ಅನಿಸುವುದೂ ಇಲ್ಲ. ಎಲ್ಲವೂ ಅವರವರ ರುಚಿ ಎಂದು ಕೈತೊಳೆದುಕೊಳ್ಳುವುದಕ್ಕಿಂತ ಒಂದು ಕೃತಿಯ ಪರವಾಗಿ ನಿಂತು ವಾದಿಸುವುದು ಹೆಚ್ಚು ಪ್ರಾಮಾಣಿಕವಾದ ಕೆಲಸ. ನನ್ನ ತಕರಾರು ಇರುವುದು ಪಟ್ಟಿ ಮಾಡುವ ಬಗ್ಗೆ ಅಲ್ಲ, ಅಂಕಿ ಕೊಟ್ಟು ಕಾರಣವನ್ನು ನುಂಗುವ ಬಗ್ಗೆ.

ಎಪ್ಪತ್ತರ ದಶಕದ ಮಟ್ಟಿಗೆ ಮೂರು ಉತ್ತರಗಳನ್ನು ಎದುರುಬದುರು ಇಟ್ಟು ನೋಡಬಹುದು. ಪಿಚ್‌ಫೋರ್ಕ್‌ನ ಮೊದಲ ಆಯ್ಕೆ ಡೇವಿಡ್ ಬೋವಿಯ 'ಲೋ' (1977). ರೋಲಿಂಗ್ ಸ್ಟೋನ್ 2020ರಲ್ಲಿ ಸಾರ್ವಕಾಲಿಕ ಐನೂರು ಆಲ್ಬಮ್‌ಗಳ ಪಟ್ಟಿಯನ್ನು ಹೊಸದಾಗಿ ಮಾಡಿದಾಗ ತುದಿಗೇರಿದ್ದು ಮಾರ್ವಿನ್ ಗೇಯ 'ವಾಟ್ಸ್ ಗೋಯಿಂಗ್ ಆನ್' (1971). ಕೊಂಡು ಕೇಳಿದ ಜನರನ್ನು ನಂಬುವುದಾದರೆ ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ಎನ್ನಬೇಕಾಗುತ್ತದೆ. 1973ರಿಂದ 1988ರ ನಡುವೆ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 741 ವಾರ ಇತ್ತು. ಮೂರೂ ಒಂದೇ ಪ್ರಶ್ನೆಗೆ ಬಂದ ಭಿನ್ನ ಉತ್ತರಗಳಂತೆ ಕಾಣುತ್ತವೆ. ಆದರೆ ಇವು ಮೂರು ಬೇರೆ ಪ್ರಶ್ನೆಗಳಿಗೆ ಬಂದ ಉತ್ತರಗಳು. ಯಾವುದು ಮುಂದಿನವರಿಗೆ ದಾರಿ ತೆರೆಯಿತು? ಯಾವುದು ಇವತ್ತು ನಮ್ಮೊಡನೆ ಮಾತಾಡುತ್ತದೆ? ಯಾವುದನ್ನು ಜನ ಬಿಡದೆ ಕೇಳಿದರು?

'ಲೋ' ಪರವಾದ ವಾದ ಗಟ್ಟಿಯಾದದ್ದು. ಬೋವಿ ಆ ಹೊತ್ತಿಗೆ ತಾರೆ. ಬ್ರಯನ್ ಈನೋ ಜೊತೆ, ಟೋನಿ ವಿಸ್ಕಾಂಟಿಯ ನಿರ್ಮಾಣದಲ್ಲಿ, ಫ್ರಾನ್ಸಿನ ಒಂದು ಹಳೆಯ ಬಂಗಲೆಯಲ್ಲಿ ಶುರುಮಾಡಿ ಪಶ್ಚಿಮ ಬರ್ಲಿನ್ನಿನಲ್ಲಿ ಮುಗಿಸಿದ ಈ ಆಲ್ಬಮ್ಮಿನ ಮೊದಲ ಬದಿಯಲ್ಲಿ ಅರ್ಧಕ್ಕೇ ಕಡಿದಂತಿರುವ ಪುಟ್ಟ ಹಾಡುಗಳಿವೆ. ಎರಡನೆಯ ಬದಿಯಲ್ಲಿ ಮಾತು ಹೆಚ್ಚುಕಡಿಮೆ ನಿಂತೇಹೋಗಿ ಸಿಂಥಸೈಜರಿನ ನಿಧಾನವಾದ ಅಲೆಗಳು ಉಳಿಯುತ್ತವೆ. ಗಾಯಕನಾಗಿ ಹೆಸರು ಮಾಡಿದವನೊಬ್ಬ ತನ್ನ ದನಿಯನ್ನೇ ಹಿಂದಕ್ಕೆ ಸರಿಸಿದ ಧೈರ್ಯ ಇದು. ಮುಂದೆ ಬಂದ ಅನೇಕ ತಂಡಗಳು ಇಲ್ಲಿನ ಡ್ರಮ್ಮಿನ ಸದ್ದಿನಿಂದ, ಖಾಲಿತನದಿಂದ ಕಲಿತವು. ಆದರೆ 'ಮುಂದಿನವರಿಗೆ ದಾರಿಯಾಯಿತು' ಎಂಬ ಕಾರಣದಲ್ಲೇ ಒಂದು ಕೊರತೆಯಿದೆ. ಅದು ಕೃತಿಯ ಬೆಲೆಯನ್ನು ಕೃತಿಯ ಹೊರಗೆ, ಅದರ ಸಂತಾನದಲ್ಲಿ ಹುಡುಕುತ್ತದೆ. ಪ್ರಭಾವ ಚರಿತ್ರೆಗೆ ಸೇರಿದ ಸಂಗತಿ. ಅದನ್ನೇ ಶ್ರೇಷ್ಠತೆ ಎನ್ನಲು ಇನ್ನೊಂದು ಹೆಜ್ಜೆ ಬೇಕು, ಪಟ್ಟಿಗಳು ಆ ಹೆಜ್ಜೆಯನ್ನು ಇಡುವುದಿಲ್ಲ.

ರೋಲಿಂಗ್ ಸ್ಟೋನ್‌ನ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಇನ್ನೊಂದು ಸಂಗತಿ ಹೊಳೆಯುತ್ತದೆ. 2003ರಲ್ಲಿ ಮೊದಲ ಹತ್ತರಲ್ಲಿ ನಾಲ್ಕು ಬೀಟಲ್ಸ್‌ನವು, ಎರಡು ಬಾಬ್ ಡಿಲನ್‌ನವು. ಕಪ್ಪು ಕಲಾವಿದರ ಆಲ್ಬಮ್ ಒಂದೇ ಒಂದು, ಆರನೆಯ ಸ್ಥಾನದಲ್ಲಿದ್ದ ಮಾರ್ವಿನ್ ಗೇಯದು. 2020ರ ಹೊತ್ತಿಗೆ ಅದು ಮೊದಲನೆಯದಾಗಿ, ಸ್ಟೀವಿ ವಂಡರ್, ಪ್ರಿನ್ಸ್, ಲಾರಿನ್ ಹಿಲ್ ಕೂಡ ಹತ್ತರೊಳಗೆ ಬಂದಿದ್ದರು. ಜೋನಿ ಮಿಚೆಲ್‌ರ 'ಬ್ಲೂ' (1971) ಮೂವತ್ತರಿಂದ ಮೂರಕ್ಕೆ ಜಿಗಿಯಿತು. 2003ರಲ್ಲಿ ಮೊದಲನೆಯದಾಗಿದ್ದ ಬೀಟಲ್ಸ್‌ನ 'ಸಾರ್ಜೆಂಟ್ ಪೆಪ್ಪರ್' ಇಪ್ಪತ್ನಾಲ್ಕಕ್ಕೆ ಇಳಿಯಿತು. ಹದಿನೇಳು ವರ್ಷಗಳಲ್ಲಿ ಈ ಆಲ್ಬಮ್‌ಗಳ ಒಂದು ಸ್ವರವೂ ಬದಲಾಗಿಲ್ಲ. ಬದಲಾದದ್ದು ಮತ ಹಾಕಿದವರು, ಅವರ ಕಿವಿ, ಅವರ ನಾಚಿಕೆ.

ಈ ಬದಲಾವಣೆ ನ್ಯಾಯವಾದದ್ದೇ. ಆದರೆ ಅದರಲ್ಲಿ ಒಂದು ಅಪಾಯವೂ ಇದೆ. ಜಾರ್ಜ್ ಫ್ಲಾಯ್ಡ್ ಪೊಲೀಸರ ಕೈಯಲ್ಲಿ ಸತ್ತ 2020ರ ಮೇ ತಿಂಗಳ ನಂತರ, ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಪಟ್ಟಿ ಅದು. ಪೊಲೀಸ್ ಹಿಂಸೆ, ಯುದ್ಧ, ಬಡತನಗಳ ಬಗ್ಗೆ ಮಾತಾಡುವ ಆಲ್ಬಮ್ ಆಗ ತುದಿಯಲ್ಲಿರುವುದನ್ನು ಓದುಗರು ಒಂದು ನೈತಿಕ ಹೇಳಿಕೆಯಾಗಿಯೇ ಓದಿಕೊಂಡಿರಬೇಕು. ಹಾಗೆ ಓದಿದ ಕೂಡಲೇ ಕೇಳುವ ಕೆಲಸ ಮುಗಿದುಹೋಗುತ್ತದೆ. ಆಲ್ಬಮ್ 'ಸರಿಯಾದ' ವಿಷಯದ ಮೇಲಿದೆ, ಆದ್ದರಿಂದ ಶ್ರೇಷ್ಠ ಎಂದಾಗಿಬಿಡುತ್ತದೆ. ಎಪ್ಪತ್ತರ ದಶಕದಿಂದ ನಾನೂ ಇದನ್ನೇ ಆಯ್ದುಕೊಳ್ಳುತ್ತೇನೆ. ಆದರೆ ನನ್ನ ಕಾರಣ ಅದರ ವಿಷಯವಲ್ಲ.

ಮೊದಲು ಹಿನ್ನೆಲೆ. ಶೀರ್ಷಿಕೆ ಗೀತೆಯ ಬೀಜ ಸಿಕ್ಕಿದ್ದು 'ಫೋರ್ ಟಾಪ್ಸ್' ತಂಡದ ರೆನಾಲ್ಡೊ ಬೆನ್ಸನ್ ಅವರಿಗೆ. 1969ರಲ್ಲಿ ಬರ್ಕ್ಲಿಯ ಪೀಪಲ್ಸ್ ಪಾರ್ಕ್‌ನಲ್ಲಿ ಪೊಲೀಸರು ಯುವಜನರ ಮೇಲೆ ಬಿದ್ದದ್ದನ್ನು ಕಂಡು ಅವರು ಶುರುಮಾಡಿದ ಹಾಡನ್ನು ಗೇ ಬೆಳೆಸಿದರು. ಗೇಯ ತಮ್ಮ ಫ್ರಾಂಕಿ ವಿಯೆಟ್ನಾಮಿನಿಂದ ಮರಳಿದ್ದ. ಗೇ ಜೊತೆ ಯುಗಳಗೀತೆ ಹಾಡುತ್ತಿದ್ದ ಟ್ಯಾಮಿ ಟೆರೆಲ್ 1970ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದರು. ಗೇ ಹಾಡುತ್ತಿದ್ದ ಡೆಟ್ರಾಯಿಟಿನ ಮೋಟೌನ್ ಕಂಪನಿ ಮೂರು ನಿಮಿಷದ ಪ್ರೇಮಗೀತೆಗಳ ಕಾರ್ಖಾನೆ. ಅದರ ಒಡೆಯ ಬೆರಿ ಗೋರ್ಡಿಗೆ ಈ ಹಾಡು ಹಿಡಿಸಲಿಲ್ಲ. 1971ರ ಜನವರಿಯಲ್ಲಿ ಹೊರಬಂದ ಬಿಡಿ ಹಾಡು ಭರ್ಜರಿಯಾಗಿ ಮಾರಾಟವಾದ ಮೇಲಷ್ಟೇ ಆಲ್ಬಮ್ಮಿಗೆ ದಾರಿಯಾಯಿತು. ಉಳಿದ ಹಾಡುಗಳು ಮಾರ್ಚ್‌ನ ಕೆಲವೇ ದಿನಗಳಲ್ಲಿ ಮುದ್ರಣಗೊಂಡು, ಮೇ ತಿಂಗಳಲ್ಲಿ ಆಲ್ಬಮ್ ಬಂತು. ಹಿನ್ನೆಲೆಯಲ್ಲಿ ನುಡಿಸುತ್ತಿದ್ದ 'ಫಂಕ್ ಬ್ರದರ್ಸ್' ವಾದಕರ ಹೆಸರುಗಳು ಮೋಟೌನಿನ ಆಲ್ಬಮ್ಮೊಂದರ ಹೊದಿಕೆಯ ಮೇಲೆ ಮೊದಲ ಬಾರಿಗೆ ಅಚ್ಚಾದವು. ದುಡಿದವರ ಹೆಸರು ಹೇಳುವುದು ಈ ಆಲ್ಬಮ್ಮಿನ ರಾಜಕಾರಣದ ಒಂದು ಭಾಗ ಎಂದೇ ನಾನು ಓದುತ್ತೇನೆ.

ಈಗ ಆಲ್ಬಮ್ಮನ್ನೇ ಕೇಳೋಣ. ಪ್ರತಿಭಟನೆಯ ಕೃತಿ ಎನ್ನಿಸಿಕೊಂಡ ಇದು ಶುರುವಾಗುವುದು ಗೆಳೆಯರು ಸೇರಿದ ಮನೆಯೊಂದರ ಗದ್ದಲದಿಂದ. ಬಂದವರನ್ನು ಮಾತಾಡಿಸುವ, ನಗುವ ದನಿಗಳು. ಆ ಸಂತೋಷದ ಸದ್ದಿನೊಳಗೇ ಪ್ರಶ್ನೆ ಏಳುತ್ತದೆ. ಆಮೇಲೆ ಗೇಯ ದನಿ ಒಂದಲ್ಲ, ಎರಡು. ಮುದ್ರಣಗೊಂಡ ಎರಡು ಗಾಯನಗಳನ್ನು ಹೋಲಿಸಿ ನೋಡಲು ಸಿದ್ಧಪಡಿಸಿದ್ದ ಟೇಪನ್ನು ತಂತ್ರಜ್ಞರು ಆಕಸ್ಮಿಕವಾಗಿ ಒಟ್ಟಿಗೇ ನುಡಿಸಿದರು. ಗೇ ಅದನ್ನು ಕೇಳಿ ಹಾಗೆಯೇ ಉಳಿಸಿಕೊಂಡರು. ಪರಿಣಾಮವಾಗಿ ಒಬ್ಬನೇ ಗಾಯಕ ತನಗೆ ತಾನೇ ಉತ್ತರಿಸುತ್ತಾನೆ, ಒಂದು ದನಿ ಮುಂದೆ ಹೋದರೆ ಇನ್ನೊಂದು ಹಿಂದೆ ಉಳಿದು ಸಂದೇಹಪಡುತ್ತದೆ. ಘೋಷಣೆಗೆ ಬೇಕಾದದ್ದು ಒಂದೇ ದನಿ. ಇಲ್ಲಿ ಆ ಒಂದು ದನಿ ಕೊನೆಯವರೆಗೂ ಸಿಗುವುದಿಲ್ಲ.

ಒಂಬತ್ತು ಹಾಡುಗಳು, ಸುಮಾರು 35 ನಿಮಿಷ. ಮೊದಲ ಬದಿಯಲ್ಲಿ ಹಾಡುಗಳ ನಡುವೆ ಬಿಡುವಿಲ್ಲ. ಯುದ್ಧದಿಂದ ಮರಳಿ ಊರಿನ ಸುದ್ದಿ ಕೇಳುವ ಸೈನಿಕನ ಹಾಡು ಮುಗಿಯುತ್ತಿದ್ದಂತೆ ಮಾದಕದ್ರವ್ಯಕ್ಕೆ ಸಿಕ್ಕವನ ಹಾಡು, ಅದು ಮಕ್ಕಳ ಬಗೆಗಿನ ಚಿಂತೆಗೆ, ಅದು ದೇವರಿಗೆ, ದೇವರು ಕೆಟ್ಟುಹೋದ ಗಾಳಿ ನೀರುಗಳಿಗೆ ಜಾರುತ್ತಾರೆ. ಕಷ್ಟಗಳು ಬೇರೆಬೇರೆ ಅಲ್ಲ, ಒಂದರ ಬಾಗಿಲು ಇನ್ನೊಂದಕ್ಕೆ ತೆರೆಯುತ್ತದೆ ಎಂಬುದನ್ನು ಯಾವ ಸಾಲೂ ಹೇಳಬೇಕಾಗಿಲ್ಲ, ಜೋಡಣೆಯೇ ಹೇಳುತ್ತದೆ. ಎರಡನೆಯ ಬದಿಯ ಕೊನೆಯಲ್ಲಿ, ನಗರದ ಬಡತನವನ್ನು ಕುರಿತ ಹಾಡು ಮುಗಿಯುವಾಗ, ಶೀರ್ಷಿಕೆ ಗೀತೆಯ ತುಣುಕು ಮತ್ತೆ ಕೇಳಿಸುತ್ತದೆ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ, ಪ್ರಶ್ನೆ ಹಾಗೇ ವಾಪಸು ಬಂದಿದೆ. ಒಂದು ಹಾಡನ್ನು ಕಿತ್ತು ಬೇರೆ ಕೇಳಿದರೆ ಅದು ಒಳ್ಳೆಯ ಹಾಡಾಗಿ ಉಳಿಯುತ್ತದೆ, ಆದರೆ ಈ ಅರ್ಥ ಕಳೆದುಹೋಗುತ್ತದೆ. ನನ್ನ ಮಾನದಂಡ ಇದೇ: ಆಲ್ಬಮ್ ಎಂಬ ಆಕೃತಿ ಯಾವ ಕೃತಿಗೆ ಅನಿವಾರ್ಯವೋ ಅದನ್ನು ಶ್ರೇಷ್ಠ ಆಲ್ಬಮ್ ಎನ್ನಬೇಕು.

ಇದಕ್ಕೆ ನಿಜವಾದ ಎದುರಾಳಿ 'ಲೋ' ಅಲ್ಲ, ಒಂದೇ ತಿಂಗಳ ನಂತರ ಬಂದ 'ಬ್ಲೂ'. ಬಾಲ್ಯದ ಪೋಲಿಯೊದಿಂದ ಎಡಗೈ ಬಲ ಕಳೆದುಕೊಂಡಿದ್ದ ಮಿಚೆಲ್ ಗಿಟಾರಿನ ತಂತಿಗಳನ್ನು ತಮಗೆ ಒಗ್ಗುವಂತೆ ಬೇರೆ ಬೇರೆ ಶ್ರುತಿಗೆ ಕೂಡಿಸಿಕೊಂಡರು. ಆ ಅನಿವಾರ್ಯತೆಯಿಂದಲೇ ಬೇರೆಯವರ ಹಾಡಿನಲ್ಲಿ ಸಿಗದ ಸ್ವರಮೇಳಗಳು ಹುಟ್ಟಿದವು. ಗಿಟಾರು, ಪಿಯಾನೊ, ಡಲ್ಸಿಮರ್, ಬೆರಳೆಣಿಕೆಯ ಸಂಗಡಿಗರು, ಇಷ್ಟೇ ಸರಂಜಾಮು. ದತ್ತು ಕೊಟ್ಟ ಮಗಳ ಬಗ್ಗೆ ಅದರಲ್ಲೊಂದು ಹಾಡಿದೆ ಎಂಬುದು ಲೋಕಕ್ಕೆ ಗೊತ್ತಾಗಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 'ಬ್ಲೂ' ಮೇಲೆಂದು ವಾದಿಸುವವರು, ಒಬ್ಬಳ ಅಳಲು ಒಂದು ದೇಶದ ಅಳಲಿಗಿಂತ ಚಿಕ್ಕದಲ್ಲ ಎನ್ನುತ್ತಾರೆ. ಒಪ್ಪುತ್ತೇನೆ. ಆದರೆ 'ಬ್ಲೂ'ನ ಪ್ರತಿಯೊಂದು ಹಾಡೂ ಸ್ವಯಂಪೂರ್ಣ, ಬಿಡಿಬಿಡಿಯಾಗಿ ಓದಬಹುದಾದ ಕವನಗಳ ಸಂಕಲನದ ಹಾಗೆ. ಗೇಯದು ಸಂಕಲನವಲ್ಲ, ಒಂದೇ ನೀಳ್ಗವಿತೆ. ನನ್ನ ತಕ್ಕಡಿ ವಾಲುವುದು ಈ ಒಂದು ಕೂದಲೆಳೆಯಷ್ಟಕ್ಕೆ.

ಮಾನದಂಡವನ್ನು ಹೇಳಿದ ಮೇಲೆ ಅದು ಯಾರನ್ನು ಹೊರಗಿಡುತ್ತದೆ ಎಂಬುದನ್ನೂ ಹೇಳಬೇಕು. ಆಲ್ಬಮ್ ತಟಸ್ಥವಾದ ಅಳತೆಗೋಲಲ್ಲ. ಅದು 1948ರಲ್ಲಿ ಕೊಲಂಬಿಯಾ ಕಂಪನಿ ತಂದ ಲಾಂಗ್ ಪ್ಲೇ ತಟ್ಟೆಯ ಕೂಸು. ಬದಿಗೆ ಇಪ್ಪತ್ತು ಚಿಲ್ಲರೆ ನಿಮಿಷ, ಮನೆಯಲ್ಲಿ ಗ್ರಾಮಫೋನು, ಕೂತು ಕೇಳುವ ಪುರುಸೊತ್ತು ಅದಕ್ಕೆ ಬೇಕು. ಎಪ್ಪತ್ತರ ದಶಕದ ಜಮೈಕಾದಲ್ಲಿ ಸಂಗೀತ ಬದುಕಿದ್ದು ಸಣ್ಣ ತಟ್ಟೆಯ ಬಿಡಿ ಹಾಡುಗಳಲ್ಲಿ, ಬೀದಿಗೆ ತಂದಿಟ್ಟ ದೈತ್ಯ ಸ್ಪೀಕರುಗಳಲ್ಲಿ. ಬಾಬ್ ಮಾರ್ಲಿ ಮತ್ತು ವೇಲರ್ಸ್ ಕಿಂಗ್‌ಸ್ಟನ್ನಿನಲ್ಲಿ ನುಡಿಸಿದ 'ಕ್ಯಾಚ್ ಎ ಫೈರ್' (1973) ರಾಕ್ ಆಲ್ಬಮ್ ಕೊಳ್ಳುವವರನ್ನು ಮುಟ್ಟಲೆಂದು ಕ್ರಿಸ್ ಬ್ಲ್ಯಾಕ್‌ವೆಲ್ ಲಂಡನ್ನಿನಲ್ಲಿ ಅಮೆರಿಕದ ವಾದಕರಿಂದ ಗಿಟಾರು, ಕೀಬೋರ್ಡುಗಳನ್ನು ಸೇರಿಸಿದರು. ಮೂಲ ಜಮೈಕಾ ಮುದ್ರಣ ಕೇಳುಗರ ಕೈಗೆ ಸಿಕ್ಕಿದ್ದು 2001ರಲ್ಲಿ. ಡಿಸ್ಕೊ ಕೂಡ ಹೀಗೆಯೇ. ಡಾನಾ ಸಮ್ಮರ್ ಮತ್ತು ಜಾರ್ಜೊ ಮೊರೊಡರ್‌ರ 'ಐ ಫೀಲ್ ಲವ್' (1977) 'ಲೋ'ನಷ್ಟೇ ಭವಿಷ್ಯವನ್ನು ತೆರೆದ ಹಾಡು. ಆದರೆ ಕುಣಿಯುವ ಅಂಗಳಕ್ಕೆ ಆಲ್ಬಮ್ ಬೇಕಿಲ್ಲವಾದ್ದರಿಂದ ಆಲ್ಬಮ್ ಪಟ್ಟಿಗಳಿಗೆ ಅದು ಸುಲಭವಾಗಿ ಒಗ್ಗುವುದಿಲ್ಲ.

ಈ ಜಗಳ ಕನ್ನಡ ಓದುಗರಿಗೆ ಹೊಸದಲ್ಲ. ಅದೇ ದಶಕದಲ್ಲಿ ನಮ್ಮಲ್ಲೂ ಆಶಯ ಮುಖ್ಯವೋ ಆಕೃತಿಯೋ ಎಂಬ ವಾಗ್ವಾದ ನವ್ಯ ಮತ್ತು ಬಂಡಾಯಗಳ ನಡುವೆ ಕಾವೇರಿತ್ತು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಬಂದಾಗ ಅದು ಕಾವ್ಯವೋ ಘೋಷಣೆಯೋ ಎಂದು ಕೇಳಿದವರಿದ್ದರು. ಆ ಹಾಡುಗಳು ದಲಿತ ಸಂಘರ್ಷ ಸಮಿತಿಯ ಸಭೆ, ಮೆರವಣಿಗೆಗಳಲ್ಲಿ ಬಾಯಿಂದ ಬಾಯಿಗೆ ನಡೆದವು. ನಿಸಾರ್ ಅಹಮದ್‌ರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಧ್ವನಿಸುರುಳಿಯಾಗಿ ಬಂದು ಭಾವಗೀತೆಗೆ ಹೊಸ ಕೇಳುಗರನ್ನು ತಂದಿತು. 'ಎಪ್ಪತ್ತರ ದಶಕದ ಶ್ರೇಷ್ಠ ಕನ್ನಡ ಆಲ್ಬಮ್ ಯಾವುದು' ಎಂದು ನಾಳೆ ಯಾರಾದರೂ ಪಟ್ಟಿ ಮಾಡಿದರೆ 'ನಿತ್ಯೋತ್ಸವ' ಅದರಲ್ಲಿ ಸಹಜವಾಗಿ ಇರುತ್ತದೆ, ಇರಬೇಕು. ಮೆರವಣಿಗೆಯ ಹಾಡುಗಳು ಇರುವುದಿಲ್ಲ. ಅವು ಕಡಿಮೆ ಎಂದಲ್ಲ, ಪ್ರಶ್ನೆಯಲ್ಲಿರುವ 'ಆಲ್ಬಮ್' ಎಂಬ ಪದಕ್ಕೆ ಅವುಗಳನ್ನು ಹಿಡಿಯುವ ಪಾತ್ರೆಯಿಲ್ಲ.

ಹಾಗಾಗಿ ಇಂಥ ಪಟ್ಟಿ ಕೈಗೆ ಬಂದಾಗ ಮೊದಲ ಸ್ಥಾನದಲ್ಲಿ ಯಾರಿದ್ದಾರೆ ಎಂದು ನೋಡುವ ಮುಂಚೆ ಎರಡು ಪ್ರಶ್ನೆ ಕೇಳುವುದು ಒಳ್ಳೆಯದು. ಇದನ್ನು ಮೇಲಿಟ್ಟ ಕಾರಣ ಕೃತಿಯೊಳಗೆ ನನಗೆ ಕೇಳಿಸುತ್ತದೆಯೇ? ಆ ಕಾರಣವನ್ನು ಒಪ್ಪಿದರೆ ಯಾವ ಸಂಗೀತವನ್ನು ನಾನು ಕೇಳದೆ ಬಿಡುತ್ತೇನೆ? ಸಾಧ್ಯವಾದರೆ 'ವಾಟ್ಸ್ ಗೋಯಿಂಗ್ ಆನ್'ನ ಮೊದಲ ಬದಿಯನ್ನು ನಡುವೆ ನಿಲ್ಲಿಸದೆ ಒಮ್ಮೆ ಕೇಳಿ, ಆಮೇಲೆ ಇಡೀ 'ಬ್ಲೂ' ಕೇಳಿ. ನನ್ನ ತೀರ್ಪನ್ನು ನೀವು ತಿರುವಿಹಾಕಿದರೂ ಅಡ್ಡಿಯಿಲ್ಲ, ನಿಮ್ಮ ಕಾರಣವನ್ನು ಹೇಳಿದರೆ ಸಾಕು.