ಹಬ್ಬದ ರಜೆಯೂ ವಾಹಿನಿಗಳ ವೇಳಾಪಟ್ಟಿಯೂ

ಹಬ್ಬವೊಂದು ಶನಿವಾರ ಭಾನುವಾರಗಳಿಗೆ ಹೊಂದಿಕೊಂಡು ಬಂದಾಗ ನಮ್ಮ ಕನ್ನಡ ವಾಹಿನಿಗಳು ಸಿದ್ಧಪಡಿಸುವ ಕಾರ್ಯಕ್ರಮಗಳ ಪಟ್ಟಿಯನ್ನು ಒಂದು ಕೃತಿಯೆಂದೇ ಭಾವಿಸಿ ಪರಿಶೀಲಿಸುವುದು ಅನುಚಿತವಾಗಲಾರದು. ಏಕೆಂದರೆ ಯಾವ ಚಿತ್ರವನ್ನು ಯಾವ ಹೊತ್ತಿಗೆ, ಯಾವುದರ ಬೆನ್ನಿಗೆ ಇಡಬೇಕೆಂಬ ನಿರ್ಣಯದಲ್ಲಿ ಆಯ್ಕೆಯುಂಟು, ಕ್ರಮವುಂಟು, ನೋಡುವ ಮನೆಯವರ ದಿನಚರಿಯನ್ನು ಕುರಿತ ಒಂದು ಕಲ್ಪನೆಯೂ ಉಂಟು. ಆ ಕಲ್ಪನೆಯ ಮನೆ ಯಾದಗಿರಿ, ಶಹಾಪುರ, ಸುರಪುರಗಳದಂತೂ ಅಲ್ಲ.

2024ರ ದಸರೆಯನ್ನೇ ನೋಡಬಹುದು. ಅಕ್ಟೋಬರ್ 11ರ ಶುಕ್ರವಾರ ಆಯುಧಪೂಜೆ, ಮರುದಿನ ವಿಜಯದಶಮಿ, ಅದರ ಮರುದಿನ ಭಾನುವಾರ. ವಾಹಿನಿಗಳಿಗೆ ಇದಕ್ಕಿಂತ ಪ್ರಶಸ್ತವಾದ ಮುಹೂರ್ತ ದೊರೆಯದು. ಇಂಥ ದಿನಗಳಲ್ಲಿ ಬೆಳಗ್ಗೆ ಭಕ್ತಿಯ ಚಿತ್ರ, ಮಧ್ಯಾಹ್ನ ಹಲವು ಸಲ ಕಂಡ ಜನಪ್ರಿಯ ಚಿತ್ರ, ನಡುವೆ ಧಾರಾವಾಹಿಯ ಮಹಾಸಂಚಿಕೆ, ಸಂಜೆಗೆ ಮೊದಲ ಬಾರಿ ಕಿರುತೆರೆಗೆ ಬರುವ ಹೊಸ ಚಿತ್ರ ಎಂಬ ಕ್ರಮ ಬಹುಮಟ್ಟಿಗೆ ನಿಶ್ಚಿತ. ದೂರದರ್ಶನದ ಚಂದನವು ಮೈಸೂರಿನ ಜಂಬೂಸವಾರಿಯನ್ನು ನೇರವಾಗಿ ತೋರಿಸುವುದು ಶ್ಲಾಘ್ಯವೇ ಸರಿ. ಮೈಸೂರಿನ ಮುಖ ಕಾಣದ ಸುರಪುರದ ಮುದುಕಿಗೂ ಅಂಬಾರಿಯ ದರ್ಶನವಾಗುತ್ತದೆ. ಆದರೆ ಅನಂತರದ ಸಂಜೆ ಈ ಸೀಮೆಯ ಜನ ಮನೆಯೊಳಗೆ ಇರುವುದು ಅಪರೂಪ. ಸೀಮೋಲ್ಲಂಘನ ಮುಗಿಸಿ, ಬನ್ನಿಯ ಎಲೆ ಹಿಡಿದು, ಹಿರಿಯರ ಕಾಲಿಗೆರಗಿ, “ಬನ್ನಿ ತಗೊಂಡು ಬಂಗಾರದಂಗ ಇರೂಣ” ಎನ್ನುತ್ತ, ಬೆಂಗಳೂರಿನ ಕಟ್ಟಡಗೆಲಸದಿಂದ ಹಬ್ಬಕ್ಕೆಂದೇ ಬಂದ ಮಕ್ಕಳೊಡನೆ ಮನೆಮನೆಗೆ ತಿರುಗುವ ಹೊತ್ತದು. ವಾಹಿನಿಯು ತನ್ನ ಅತ್ಯುತ್ತಮವಾದುದನ್ನು ಆಗಲೇ ಬರಿದಾದ ಪಡಸಾಲೆಗೆ ತೋರಿಸುತ್ತದೆ. ಅದೂ ಎದುರಾಳಿ ವಾಹಿನಿಯು ಇನ್ನೊಂದು ಹೊಸ ಚಿತ್ರವನ್ನು ತೆರೆದ ಗಳಿಗೆಯಲ್ಲಿಯೇ.

ಟಿವಿ ಈ ನೆಲಕ್ಕೆ ಬಂದ ಬಗೆ ಇದಕ್ಕಿಂತ ವಿವೇಕದ್ದಾಗಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ನಡೆದ ಉಪಗ್ರಹ ಪ್ರಯೋಗಕ್ಕೆ ಕರ್ನಾಟಕದಿಂದ ಆರಿಸಿದ ಜಿಲ್ಲೆಗಳಲ್ಲಿ ಈ ಮೂರೂ ಊರುಗಳು ಆಗ ಸೇರಿದ್ದ ಗುಲ್ಬರ್ಗವೂ ಒಂದು. ಬೆಳಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಹೊಲದಿಂದ ಮರಳಿದ ದೊಡ್ಡವರಿಗೆ, ಊರಿಗೆಲ್ಲ ಒಂದೇ ಪೆಟ್ಟಿಗೆ. ಅದರ ಬೋಧೆ ನೀರಸವಾಗಿದ್ದಿರಬಹುದು, ಗೊಬ್ಬರದ ಮಾತೇ ಹೆಚ್ಚಾಗಿದ್ದಿರಬಹುದು. ಆದರೂ ನೋಡುವವನು ಎಷ್ಟು ಹೊತ್ತಿಗೆ ಮನೆಗೆ ಬರುತ್ತಾನೆಂಬ ಪ್ರಶ್ನೆಯನ್ನು ಕೇಳಿಕೊಂಡೇ ಆ ಪಟ್ಟಿ ರಚಿತವಾಗಿತ್ತು. ಈಗ ಕೇಳುವ ಪ್ರಶ್ನೆ ಜಾಹೀರಾತಿನದು. ಗಂಟೆಗೆ ಹನ್ನೆರಡು ನಿಮಿಷವೆಂಬ ನಿಯಮದ ಮಿತಿಯನ್ನು ಪಾಲಿಸಿದರೂ ಎರಡೂವರೆ ಗಂಟೆಯ ಚಿತ್ರ ಮೂರು ಗಂಟೆಯನ್ನು ಮೀರುತ್ತದೆ; ಏಳಕ್ಕೆ ತೊಡಗಿದ ಕಥೆಯ ಅಂತ್ಯವನ್ನು ಕಾಣದೆಯೇ ಮಕ್ಕಳು ನಿದ್ರೆಹೋಗುತ್ತಾರೆ.

ಇನ್ನು ಎಳ್ಳಮಾವಾಸ್ಯೆ. ಅದೇ ವರ್ಷ ಅದು ಡಿಸೆಂಬರ್ 30ರ ಸೋಮವಾರ, ಭಾನುವಾರಕ್ಕೆ ಅಂಟಿಕೊಂಡೇ ಬಂದಿತ್ತು. ಸಜ್ಜಿ ಕಡುಬು, ಭಜ್ಜಿ, ಶೇಂಗಾ ಹೋಳಿಗೆಗಳ ಬುತ್ತಿ ಹೊತ್ತು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂಧುಬಳಗದೊಡನೆ ಉಂಡು ಬರುವ ಈ ಹಬ್ಬವು ಇಲ್ಲಿಯ ಒಕ್ಕಲಿಗನಿಗೆ ದಸರೆಗಿಂತ ಕಿರಿದಲ್ಲ. ವಾಹಿನಿಗಳ ಪಂಚಾಂಗದಲ್ಲಿ ಮಾತ್ರ ಅದಕ್ಕೆ ಗೌರಿಗಣೇಶರ ಸ್ಥಾನವಿಲ್ಲ. ಹೊಸ ಚಿತ್ರವೇ ಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಹೊಲದಿಂದ ಬಂದು ಕೈಕಾಲು ತೊಳೆದು ಕುಳಿತ ಮನೆಯವರಿಗೆ, ಒಕ್ಕಲುತನವನ್ನೇ ಕಥೆಯಾಗಿಸಿದ 1972ರ ‘ಬಂಗಾರದ ಮನುಷ್ಯ’ವನ್ನು ಎಂಟು ಗಂಟೆಗೆ ತೋರಿಸಿದರೂ ಸಾಕು, ಅದನ್ನು ಹಾಕುವುದಾದರೆ ಮಧ್ಯಾಹ್ನ, ಹಳ್ಳಿಯ ಜನವೆಲ್ಲ ಹೊಲದಲ್ಲಿರುವಾಗ, ಹಾಕಬಾರದು.